ಹಳೇ ಟೂ-ಇನ್-ಒನ್‌ನ ಹೆಗಲ ಪಟ್ಟಿಯ ಕ್ಲಿಪ್ ಮುರಿದಿದೆ, ಅಂಟಿಸಿದರೆ ನಿಲ್ಲುತ್ತಾ?

ಗದ್ದೆಬದಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೆಯ ಜಪಾನ್ ಸೆಟ್ಟು ಒಂದಿದೆ, ರೇಡಿಯೋ, ಕ್ಯಾಸೆಟ್ ಎರಡೂ ಇರುವಂಥದ್ದು. ಈಗಿನ ಹುಡುಗರು ಬೂಮ್‌ಬಾಕ್ಸ್ ಅನ್ನುತ್ತಾರೆ, ನಮ್ಮಲ್ಲಿ ಅದು ಮೊದಲಿಂದಲೂ ಬರೀ 'ಟೇಪು'. ಅಪ್ಪ 1985ರಲ್ಲಿ ಕುವೈತ್‌ನಿಂದ ರಜೆಗೆ ಬರುವಾಗ ತಂದದ್ದು. ಊರು ಕುಂದಾಪುರದ ಹತ್ತಿರ. ಯಕ್ಷಗಾನದ ಆಟ ಇದ್ದ ರಾತ್ರಿ ಅಪ್ಪ ಇದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು, ರಂಗಸ್ಥಳದ ಕಂಬಕ್ಕೆ ಪಟ್ಟಿಯಿಂದಲೇ ನೇತುಹಾಕಿ ಬೆಳಗಿನ ತನಕ ರೆಕಾರ್ಡ್ ಮಾಡುತ್ತಿದ್ದರು. 45 ನಿಮಿಷಕ್ಕೊಮ್ಮೆ ಕ್ಯಾಸೆಟ್ ಮಗುಚಿ ಹಾಕುವುದು ನನ್ನ ಕೆಲಸ. ನಾನು ನಿದ್ದೆ ಮಾಡಿದ ಕಾರಣಕ್ಕೆ ಒಂದು ಪ್ರಸಂಗದಲ್ಲಿ ಯುದ್ಧವೇ ಇಲ್ಲ, ಪದ ಮುಗಿದ ಕೂಡಲೇ ಮಂಗಳ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಸೆಟ್ಟಿನ ಎರಡೂ ಪಕ್ಕದಲ್ಲಿ ಕ್ಯಾಬಿನೆಟ್ ಜೊತೆಗೇ ಅಚ್ಚು ಹೊಯ್ದ ಪ್ಲಾಸ್ಟಿಕ್ ಕಿವಿ ಇದೆ. ಪಟ್ಟಿಯ ತುದಿಯಲ್ಲಿರುವ ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪಿನ ಕೊಕ್ಕೆ ಆ ಕಿವಿಗೆ ಸಿಕ್ಕಿಕೊಳ್ಳುತ್ತದೆ. ಕಳೆದ ವಾರ ಅಟ್ಟದಿಂದ ಇಳಿಸುವಾಗ ಎಡಗಡೆ ಕ್ಲಿಪ್ಪಿನ ಕೊಕ್ಕೆ ಟಪ್ ಅಂತ ಮುರಿಯಿತು. ಪುಣ್ಯಕ್ಕೆ ಕೆಳಗೆ ಹಾಸಿಗೆ ಇತ್ತು. ಮುರಿದ ತುಂಡು ಸಿಕ್ಕಿದೆ, ಸರಿಯಾಗಿ ಕೂರುತ್ತದೆ ಕೂಡ. ಸೂಪರ್ ಗ್ಲೂ ಹಾಕಿ ಒಂದು ದಿನ ಬಿಟ್ಟು ಎತ್ತಿ ನೋಡಿದೆ, ಅಲ್ಲೇ ಮತ್ತೆ ಬಿಟ್ಟುಕೊಂಡಿತು. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ 'ಇದೆಲ್ಲ ಈಗ ಯಾರು ಮಾಡುತ್ತಾರೆ, ಗುಜರಿಗೆ ಕೊಡಿ' ಎಂದರು. ಕೊಡುವುದಿಲ್ಲ. ಇದಕ್ಕೆ ಯಾವ ಗಮ್ ಹಾಕಬೇಕು, ಯಾರಿಗಾದರೂ ಗೊತ್ತಾ?

ರಾತ್ರಿರೇಡಿಯೋ:
ಸೂಪರ್ ಗ್ಲೂ ಹಾಕಿ ಮೇಲಿಂದ ಸ್ವಲ್ಪ ಅಡುಗೆ ಸೋಡಾ ಉದುರಿಸಿ. ಕ್ಷಣದಲ್ಲಿ ಕಲ್ಲಾಗುತ್ತದೆ. ನಾನು ಮಿಕ್ಸಿಯ ಕಾಲು ಹಾಗೇ ನಿಲ್ಲಿಸಿದ್ದೇನೆ, ಎರಡು ವರ್ಷ ಆಯಿತು.

ಬೆಸುಗೆಮನೆ:
ಮಿಕ್ಸಿಯ ಕಾಲಿನ ಮೇಲೆ ಭಾರ ಕೂರುತ್ತದೆ, ಇಲ್ಲಿ ಭಾರ ಜಗ್ಗುತ್ತದೆ. ಎರಡೂ ಒಂದೇ ಅಲ್ಲ. ಸೋಡಾ ಹಾಕಿದರೆ ಗಟ್ಟಿಯಾಗುವುದು ನಿಜ, ಆದರೆ ಹಪ್ಪಳದ ಗಟ್ಟಿ ಅದು, ಒಂದು ಜಗ್ಗಿಗೆ ಪುಡಿಯಾಗುತ್ತದೆ.

ಗದ್ದೆಬದಿಯವರೇ, ಯಾವ ಗಮ್ ಅನ್ನುವುದಕ್ಕಿಂತ ಮೊದಲು ಯಾವ ಪ್ಲಾಸ್ಟಿಕ್ ಅಂತ ನೋಡಬೇಕು. ಆ ಕಾಲದ ಕ್ಯಾಬಿನೆಟ್ಟುಗಳು ಹೆಚ್ಚಾಗಿ ಎಬಿಎಸ್ ಅಥವಾ ಪಾಲಿಸ್ಟೈರೀನ್. ಕ್ಲಿಪ್ಪುಗಳು ಸಾಮಾನ್ಯವಾಗಿ ನೈಲಾನ್ ಅಥವಾ ಅಸಿಟಾಲ್, ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ. ಕ್ಯಾಬಿನೆಟ್ಟಿನದು ಅಸಿಟೋನ್‌ನಲ್ಲಿ ಕರಗುತ್ತದೆ, ಕ್ಲಿಪ್ಪಿನದು ಕರಗುವುದಿಲ್ಲ. ಕರಗದೇ ಇರುವುದಕ್ಕೆ ಮನೆಯ ಗಮ್ಮುಗಳು ಹಿಡಿಯುವುದೂ ಕಷ್ಟ. ಇಯರ್‌ಬಡ್ಡಿನ ತುದಿಗೆ ಒಂದು ಹನಿ ಅಸಿಟೋನ್ ತಾಗಿಸಿ ಕ್ಲಿಪ್ಪಿನ ಒಳಬದಿಗೆ ಒತ್ತಿ ನೋಡಿ. ಹಾಗೇ ಬ್ಯಾಟರಿ ಮುಚ್ಚಳದ ಒಳಗೆ, ಕಣ್ಣಿಗೆ ಕಾಣದ ಮೂಲೆಯಲ್ಲಿ ಇನ್ನೊಂದು ಸಲ. ಅಂಟಂಟಾದರೆ ಅದು ಕರಗುವ ಜಾತಿ. ಮುಂಭಾಗಕ್ಕೆ ಮಾತ್ರ ತಾಗಿಸಬೇಡಿ, ಅಕ್ಷರ ಎಲ್ಲ ಅಳಿಸಿಹೋಗುತ್ತದೆ. ಉಗುರುಬಣ್ಣ ಒರೆಸುವ ದ್ರವ ತರುವುದಾದರೆ ಬಾಟಲಿ ಓದಿ ತನ್ನಿ, ಅಸಿಟೋನ್ ಇಲ್ಲದ್ದೂ ಬರುತ್ತದೆ.

ಇನ್ನೊಂದು. ಕ್ಲಿಪ್ ಮುರಿದ ಪಕ್ಕದ ಕಿವಿಯನ್ನು ಟಾರ್ಚ್ ಹಾಕಿ ನೋಡಿ. ಬುಡದಲ್ಲಿ ಬಿಳಿ ಗೆರೆ ಏನಾದರೂ ಇದೆಯಾ?

ಗದ್ದೆಬದಿ:
ಗಂಗೊಳ್ಳಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಪರಿಚಯದವರೊಬ್ಬರಿದ್ದಾರೆ, ಬ್ರಷ್ ತೊಳೆಯಲು ಇಟ್ಟುಕೊಂಡ ಅಸಿಟೋನ್ ಒಂದು ಸಣ್ಣ ಬಾಟಲಿ ಕೊಟ್ಟರು. ನೀವು ಹೇಳಿದ ಹಾಗೇ ಆಯಿತು. ಕ್ಲಿಪ್ಪಿಗೆ ಏನೂ ಆಗಲಿಲ್ಲ, ಬ್ಯಾಟರಿ ಮುಚ್ಚಳ ಅಂಟಂಟಾಯಿತು.

ಟಾರ್ಚ್ ಹಾಕಿ ನೋಡಿ ಎದೆ ಧಸಕ್ಕೆಂದಿತು ಮಾರಾಯ್ರೇ. ಎಡಗಡೆ ಕಿವಿಯ ಬುಡದಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದ ಬಿಳಿ ಗೆರೆ. ಕಿವಿಯನ್ನು ಬೆರಳಲ್ಲಿ ಒತ್ತಿದರೆ ಗೆರೆ ಚೂರು ಅಗಲವಾಗುತ್ತದೆ. ಬಲಗಡೆ ಸರಿ ಇದೆ. ಇಷ್ಟು ದಿನ ಕ್ಲಿಪ್ ಒಂದನ್ನೇ ನೋಡುತ್ತಿದ್ದೆ.

ಬೆಸುಗೆಮನೆ:
ಅನುಮಾನ ಇತ್ತು. ಒಳ್ಳೆಯದೇ ಆಯಿತು ಅಂದುಕೊಳ್ಳಿ, ಕ್ಲಿಪ್ ಮೊದಲು ಮುರಿದದ್ದಕ್ಕೆ ಕಿವಿ ಉಳಿಯಿತು. ನೀವು ಗಟ್ಟಿ ಕ್ಲಿಪ್ ಹಾಕಿ ನೇತುಹಾಕಿದ್ದರೆ ಕಿವಿ ಕ್ಯಾಬಿನೆಟ್ಟಿನ ಗೋಡೆ ಸಮೇತ ಕಿತ್ತುಕೊಂಡು ಬರುತ್ತಿತ್ತು. ಹಾಗಾಗಿ ಮೊದಲು ಕಿವಿ, ಆಮೇಲೆ ಕ್ಲಿಪ್. ನಾನು ಮಾಡುವ ಕ್ರಮ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕರೆಂಟಿನ ವೈರ್ ತೆಗೆಯಿರಿ, ಸೆಲ್ಲು ತೆಗೆಯಿರಿ, ಕ್ಯಾಸೆಟ್ ಒಳಗಿದ್ದರೆ ತೆಗೆಯಿರಿ. ಹಿಂದಿನ ಸ್ಕ್ರೂಗಳಲ್ಲಿ ಕೆಲವದರ ಪಕ್ಕ ಸಣ್ಣ ಬಾಣದ ಗುರುತು ಇರಬಹುದು, ಇದ್ದರೆ ಬಿಚ್ಚಬೇಕಾದದ್ದು ಅವನ್ನೇ. ಜಪಾನ್ ಸ್ಕ್ರೂಗಳ ಪ್ಲಸ್ ತಲೆ ನಮ್ಮ ಮಾಮೂಲಿ ಸ್ಕ್ರೂಡ್ರೈವರಿಗೆ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಸವೆದುಹೋಗುತ್ತದೆ. ಜೆಐಎಸ್, ಅಂದರೆ ಜಪಾನ್ ಅಳತೆಯ ಸ್ಕ್ರೂಡ್ರೈವರ್ ಅಂತ ಕೇಳಿ ತಂದರೆ ಒಳ್ಳೆಯದು, ಇಲ್ಲದಿದ್ದರೆ ಚೆನ್ನಾಗಿ ಕೂರುವ ಸೈಜು ಹುಡುಕಿ, ಮೇಲಿಂದ ಬಲವಾಗಿ ಒತ್ತಿ ತಿರುಗಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ನಾನು ಇಡ್ಲಿ ತಟ್ಟೆಯ ಗುಳಿಯಲ್ಲಿ ಒಂದೊಂದು ಜಾಗದ್ದು ಒಂದೊಂದು ಕಡೆ ಹಾಕುತ್ತೇನೆ, ಮನೆಯವರಿಗೆ ಹೇಳಿ ತೆಗೆದುಕೊಳ್ಳಿ. ಹಿಂಭಾಗವನ್ನು ಒಮ್ಮೆಗೇ ಎಳೆಯಬೇಡಿ. ಆಂಟೆನಾದ ವೈರು, ಸ್ಪೀಕರಿನ ವೈರು, ಬ್ಯಾಟರಿ ಡಬ್ಬಿಯ ವೈರು ಎಲ್ಲ ಎರಡು ಭಾಗಗಳ ನಡುವೆ ಓಡಾಡಿಕೊಂಡಿರುತ್ತವೆ. ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳುತ್ತಾ ಹೋಗಿ.

ಈಗ ಬಿರುಕು. ಗೆರೆ ಎಲ್ಲಿ ಮುಗಿಯುತ್ತದೋ ಆ ತುದಿಯಲ್ಲಿ ಒಳಗಡೆಯಿಂದ 1 ಮಿಲಿಮೀಟರಿನ ತೂತು ಕೊರೆಯಿರಿ. ಇದನ್ನು ಬಿಡಬೇಡಿ. ಚೂಪು ತುದಿ ಇರುವ ತನಕ ಬಿರುಕು ಓಡುತ್ತಲೇ ಇರುತ್ತದೆ, ದುಂಡು ತೂತು ಸಿಕ್ಕಿದರೆ ಅಲ್ಲಿ ನಿಲ್ಲುತ್ತದೆ. ಆಮೇಲೆ ಹಾಳಾದ ಕಂಪ್ಯೂಟರ್ ಮೌಸೋ ಕೀಬೋರ್ಡೋ ಹುಡುಕಿ, ಒಳಗೆ ಎಬಿಎಸ್ ಅಂತ ಅಚ್ಚಾಗಿರುವುದನ್ನು ಚೂರು ಮಾಡಿ ಗಾಜಿನ ಬಾಟಲಿಯಲ್ಲಿ ಅಸಿಟೋನ್ ಜೊತೆ ಒಂದು ರಾತ್ರಿ ಬಿಡಿ. ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಬಿರುಕನ್ನು ಚೂರು ಅಗಲಿಸಿ ಒಳಗಿಂದ ಸವರಿ ಒತ್ತಿ ಹಿಡಿಯಿರಿ. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಒಮ್ಮೆಗೇ ದಪ್ಪ ಹಚ್ಚಿದರೆ ಒಳಗೆ ಅಸಿಟೋನ್ ಸಿಕ್ಕಿಕೊಂಡು ಇರುವ ಪ್ಲಾಸ್ಟಿಕ್ಕೂ ಮೆತ್ತಗಾಗುತ್ತದೆ. ಎರಡು ದಿನ ಮುಟ್ಟಬೇಡಿ. ಕಿಟಕಿ ತೆರೆದಿರಲಿ, ಒಲೆ ದೀಪ ಹತ್ತಿರ ಬೇಡ.

ಇಷ್ಟಕ್ಕೇ ನಿಲ್ಲಿಸಿದರೂ ಭಾರ ಇನ್ನೂ ಪ್ಲಾಸ್ಟಿಕ್ಕಿನ ಮೇಲೇ. ಅದಕ್ಕೆ ಸೈಕಲ್ ಕಡ್ಡಿ ಬಳಸುತ್ತೇನೆ. ಸೈಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿದರೂ ಒಂದು ಹಳೇದು ಕೊಡುತ್ತಾರೆ. ಒಂದು ತುದಿಯಲ್ಲಿ ಥ್ರೆಡ್ ಇರುತ್ತದೆ ನೋಡಿ, ಅದೇ ಬೇಕಾದದ್ದು, ಅರಾಲ್ಡೈಟಿಗೆ (ಎಪಾಕ್ಸಿ ಗಮ್) ಒಳ್ಳೆ ಹಿಡಿತ. ಎರಡು ಪಿನ್ನು ಬೇಕು, ಹಾಗಾಗಿ ಎರಡು ಕಡ್ಡಿ ತನ್ನಿ. ಒಳಗಿಂದ ಗೋಡೆ ದಾಟಿ ಕಿವಿಯ ದಪ್ಪ ಭಾಗದೊಳಕ್ಕೆ 2.5 ಮಿಲಿಮೀಟರಿನ ಎರಡು ತೂತು. ಕಿವಿಯ ಆಳ ಮೊದಲೇ ಅಳೆದು ಡ್ರಿಲ್ ಬಿಟ್ಟಿಗೆ ಅಂಟು ಟೇಪು ಸುತ್ತಿ ಗುರುತು ಮಾಡಿ, ಇಲ್ಲದಿದ್ದರೆ ಹೊರಗೆ ಬಂದುಬಿಡುತ್ತದೆ. ಮೆಷಿನ್ ಬೇಡ, ಬಿಟ್ಟನ್ನು ಕೈಯಲ್ಲೇ ತಿರುಗಿಸಿ, ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಕಡ್ಡಿಯ ಥ್ರೆಡ್ ತುದಿಗೆ ಅರಾಲ್ಡೈಟ್ ಬಳಿದು ಒಳಗೆ ಕೂರಿಸಿ. ಇನ್ನೊಂದು ತುದಿಯನ್ನು ಮೊದಲೇ ಮೂಲೆಯಾಗಿ ಬಾಗಿಸಿ ಇಟ್ಟುಕೊಂಡಿದ್ದರೆ ಅದು ಒಳಗೋಡೆಗೆ ಒರಗಿ ಮಲಗುತ್ತದೆ. ಅದರ ಮೇಲೆ ಹೆಬ್ಬೆರಳಗಲದ ಅಲ್ಯುಮಿನಿಯಂ ತಗಡು, ತಗಡು ಗೋಡೆ ಎರಡನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಅರಾಲ್ಡೈಟ್ ಹಾಕಿ ಅಂಟಿಸಿ. ಐದು ನಿಮಿಷದ್ದು ತರಬೇಡಿ, ನಿಧಾನಕ್ಕೆ ಗಟ್ಟಿಯಾಗುವ ಎರಡು ಟ್ಯೂಬಿನದ್ದು, ಸಮ ಪಾಲು ಕಲಸಿ 24 ಗಂಟೆ ಬಿಡಿ. ತಗಡು ಬೋರ್ಡಿಗಾಗಲಿ ಟ್ರಾನ್ಸ್‌ಫಾರ್ಮರ್ ತುದಿಗಾಗಲಿ ತಾಗಬಾರದು, ಮುಚ್ಚುವ ಮೊದಲು ಎರಡು ಸಲ ನೋಡಿ.

ಹೀಗೆ ಮಾಡಿದರೆ ಎತ್ತಿದಾಗ ಎಳೆತ ಕಿವಿಯಿಂದ ಕಡ್ಡಿಗೆ, ಕಡ್ಡಿಯಿಂದ ತಗಡಿಗೆ, ತಗಡಿಂದ ಅಗಲ ಗೋಡೆಗೆ ಹಂಚಿಹೋಗುತ್ತದೆ. ಹೊರಗಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ.

ರಾತ್ರಿರೇಡಿಯೋ:
ಸೋಡಾ ವಾಪಸ್ ತೆಗೆದುಕೊಂಡೆ ಗುರುಗಳೇ 🙏 ಸೈಕಲ್ ಕಡ್ಡಿ ನನ್ನ ತಲೆಗೆ ಹೊಳೆಯುತ್ತಿರಲಿಲ್ಲ.

ಹೊಲಿಗೆಚೀಲ:
ನಮ್ಮದು ಬ್ಯಾಗ್ ರಿಪೇರಿ ಅಂಗಡಿ, ಮೈಸೂರು. ಕ್ಲಿಪ್ಪಿನ ಬಗ್ಗೆ ನನ್ನದೊಂದು ಮಾತು. ದಯವಿಟ್ಟು ಕಬ್ಬಿಣದ ಕೊಕ್ಕೆ ನೇರ ಪ್ಲಾಸ್ಟಿಕ್ ಕಿವಿಗೆ ಹಾಕಬೇಡಿ. ನಾಯಿ ಬೆಲ್ಟಿನ ಕೊಕ್ಕೆ ಹಾಕಿ ತರುವವರು ತುಂಬಾ ಜನ. ನಡೆಯುವಾಗ ಅದು ಅಲುಗಾಡಿ ಅಲುಗಾಡಿ ಕಿವಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ, ಜೊತೆಗೆ ಪಕ್ಕದ ಬಣ್ಣವೂ ಹೋಗುತ್ತದೆ.

ಕಿವಿಯ ತೂತಿನಲ್ಲಿ ಹಿಡಿಯುವಷ್ಟು ಅಗಲದ ನೈಲಾನ್ ಪಟ್ಟಿ ತೂರಿಸಿ ಒಂದು ಸಣ್ಣ ಕುಣಿಕೆ ಮಾಡಿಸಿ. ಆ ಕುಣಿಕೆಯಲ್ಲಿ ಡಿ ಆಕಾರದ ಬಳೆ, ಆ ಬಳೆಗೆ ಬೇಕಾದ ಕೊಕ್ಕೆ ಹಾಕಿಕೊಳ್ಳಿ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ, ಪ್ಲಾಸ್ಟಿಕ್ಕಿಗೆ ಮೆತ್ತನೆ ಪಟ್ಟಿ ತಾಗುತ್ತದೆ. ಹೊಲಿಗೆ ಚೌಕ ಹಾಕಿ ಮಧ್ಯೆ ಅಡ್ಡ ಗುಣಿಸು ಹಾಕಬೇಕು, ನೈಲಾನ್ ದಾರ. ಹತ್ತಿ ದಾರ ಬೇಡ, ನಿಮ್ಮ ಕರಾವಳಿಯ ಮಳೆಗಾಲಕ್ಕೆ ಕೊಳೆತುಹೋಗುತ್ತದೆ. ಪಟ್ಟಿಯ ಕತ್ತರಿಸಿದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ನೂಲು ಬಿಚ್ಚುವುದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರವೂ ಆಗುತ್ತದೆ, ಹತ್ತು ನಿಮಿಷದ ಕೆಲಸ.

ಹಳೆಯ ಪಟ್ಟಿ ರೆಕ್ಸಿನ್ನಿನದಾದರೆ ಅದನ್ನು ಸೆಟ್ಟಿಗೆ ಸುತ್ತಿ ಇಡಬೇಡಿ. ರೆಕ್ಸಿನ್ನಿನ ಎಣ್ಣೆ ಅಂಶ ಬಿಟ್ಟುಕೊಂಡು ಕ್ಯಾಬಿನೆಟ್ ಕರಗಿಸುತ್ತದೆ. ವರ್ಷಗಟ್ಟಲೆ ಸುತ್ತಿಟ್ಟದ್ದನ್ನು ಬಿಚ್ಚಿದರೆ ಪಟ್ಟಿಯ ಅಚ್ಚು ಪ್ಲಾಸ್ಟಿಕ್ಕಿನ ಮೇಲೆ ಮೂಡಿರುತ್ತದೆ, ಅದು ಹೋಗುವುದಿಲ್ಲ.

ಕ್ಯಾಸೆಟ್‌ಗೂಡು:
ಎಲ್ಲರೂ ಹೇಗೆ ಗಟ್ಟಿ ಮಾಡುವುದು ಅಂತ ಹೇಳುತ್ತಿದ್ದೀರಿ, ನಾನು ಸ್ವಲ್ಪ ಬೇಜಾರಿನ ಮಾತು ಹೇಳುತ್ತೇನೆ. ನಲವತ್ತು ವರ್ಷದ ಪ್ಲಾಸ್ಟಿಕ್ ಅದು. ಎಡಗಡೆ ಕಡ್ಡಿ ಕೂರಿಸಿದರೆ ಬಲಗಡೆ? ಅದಕ್ಕೂ ಅಷ್ಟೇ ವಯಸ್ಸು. ತೂಕ ಮಾಡಿದ್ದೀರಾ? ದೊಡ್ಡ ಸೆಲ್ಲು ಆರು ಹಾಕುವ ಸೆಟ್ಟಾದರೆ ಸೆಲ್ಲೇ ಅರ್ಧ ಕಿಲೋ ದಾಟುತ್ತದೆ, ಆಲ್ಕಲೈನ್ ಆದರೆ ಒಂದೊಂದು 140 ಗ್ರಾಮಿನ ಹತ್ತಿರ. ಮೇಲಿಂದ, ಗಕ್ಕನೆ ಎತ್ತಿದರೆ ಪಟ್ಟಿಯ ಮೇಲೆ ಬೀಳುವ ಭಾರ ಇರುವ ತೂಕದ ಎರಡರಷ್ಟಾಗುತ್ತದೆ. ಪಟ್ಟಿ ಹಾಕಿ, ಚೆಂದಕ್ಕೆ. ಎತ್ತುವಾಗ ಕೆಳಗೆ ಒಂದು ಕೈ ಇರಲಿ. ಗೋಡೆಗೆ ಕಂಬಕ್ಕೆ ನೇತುಹಾಕುವುದು ಇನ್ನು ಸಾಕು. ಸೆಲ್ಲು ಒಳಗೆ ಬಿಡಲೂ ಬೇಡಿ, ಸೋರಿ ಸ್ಪ್ರಿಂಗ್ ತಿನ್ನುತ್ತದೆ.

ಮುರಿದ ಕ್ಲಿಪ್ಪನ್ನು ಬಿಸಾಡಬೇಡಿ, ಎರಡೂ ತುಂಡು ಒಂದು ಕವರಲ್ಲಿ ಹಾಕಿಡಿ. ಬಲಗಡೆ ಕ್ಲಿಪ್ ಮಾದರಿ ಇದೆಯಲ್ಲ, ತ್ರೀಡಿ ಪ್ರಿಂಟ್ ಮಾಡಿಸಬಹುದು. ಮಾಡಿಸಿದರೆ ಪಿಎಲ್ಎ ಅನ್ನುವ ಪ್ಲಾಸ್ಟಿಕ್ ಬೇಡ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಾಗಿಹೋಗುತ್ತದೆ. ಪಿಇಟಿಜಿ ಅಥವಾ ನೈಲಾನ್ ಹೇಳಿ, ಕ್ಲಿಪ್ಪನ್ನು ಮಲಗಿಸಿ ಪ್ರಿಂಟ್ ಮಾಡಲು ಹೇಳಿ. ನಿಲ್ಲಿಸಿ ಮಾಡಿದರೆ ಪದರ ಪದರ ಬಿಟ್ಟುಕೊಳ್ಳುತ್ತದೆ.

ಗದ್ದೆಬದಿ:
ಮೂರು ವಾರ ಆಯಿತು, ಬರೆಯಲು ತಡವಾಯಿತು, ಕ್ಷಮಿಸಿ.

ಬೆಸುಗೆಮನೆ ಸರ್ ಹೇಳಿದ ಕ್ರಮದಲ್ಲೇ ಹೋದೆ. ಎರಡನೇ ತೂತು ಕೊರೆಯುವಾಗ ಟೇಪಿನ ಗುರುತು ಜಾರಿದ್ದು ಗೊತ್ತಾಗದೆ ಬಿಟ್ಟಿನ ಮೂತಿ ಕಿವಿಯ ಹೊರಗೆ ಒಂದು ಸಾಸಿವೆಯಷ್ಟು ಬಂತು. ಅದಕ್ಕೆ ಆ ದೋಸೆ ಹಿಟ್ಟೇ ಒಂದು ಚುಕ್ಕೆ ಇಟ್ಟು ಕಪ್ಪು ಮಾರ್ಕರ್ ಹಚ್ಚಿದ್ದೇನೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ, ಅಂದರೆ ನನಗೆ ದಿನಾ ಕಾಣುತ್ತದೆ. ಬಲಗಡೆಯ ಮಾತು ಸರಿ ಅನ್ನಿಸಿತು, ತೆರೆದದ್ದು ತೆರೆದಾಗಿದೆ ಅಂತ ಅಲ್ಲಿಗೂ ತಗಡು ಅಂಟಿಸಿದೆ, ಕಡ್ಡಿ ಹಾಕುವ ಧೈರ್ಯ ಬರಲಿಲ್ಲ.

ಕುಣಿಕೆ ಇಲ್ಲೇ ಬಸ್‌ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ ಹೊಲಿದುಕೊಟ್ಟರು, ಎರಡಕ್ಕೂ 40 ರೂಪಾಯಿ. ಸೆಟ್ಟನ್ನು ನೋಡಿ ಅವರೇ 'ಇದರಲ್ಲಿ ಆಟದ ಕ್ಯಾಸೆಟ್ ಹಾಕ್ತಿದ್ರಾ' ಅಂತ ಕೇಳಿದರು. ಪ್ಯಾಡ್ ಹಾಕಿ ಅಂದರೆ ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಂಚದ ಮೇಲೆ ಹಿಡಿದು ಹತ್ತು ಸಲ ಎತ್ತಿ ಇಳಿಸಿದೆ. ಗೆರೆ ಅಲುಗಾಡಲಿಲ್ಲ. ಅಂಗಳದಲ್ಲಿ ಒಂದು ಸುತ್ತು ಹೆಗಲಿಗೆ ಹಾಕಿಕೊಂಡು ನಡೆದೆ, ಕೆಳಗೆ ಒಂದು ಕೈ ಇಟ್ಟುಕೊಂಡೇ. ನೇತುಹಾಕುವುದಿಲ್ಲ, ಕಪಾಟಿನ ಮೇಲೆ ಜಾಗ ಮಾಡಿದ್ದೇನೆ.

ಒಂದು ತಾಪತ್ರಯ ಉಳಿದಿದೆ. ಬಿಚ್ಚಿದಾಗ ನೋಡಿದರೆ ಕ್ಯಾಸೆಟ್ ಭಾಗದ ಬೆಲ್ಟು ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಅಂಟಿಕೊಂಡಿದೆ. ಕೈಗೆ, ಲುಂಗಿಗೆ, ಇಡ್ಲಿ ತಟ್ಟೆಗೆ ಎಲ್ಲ ಆಗಿದೆ. ರೇಡಿಯೋ ಹಾಡುತ್ತದೆ, ಟೇಪು ಓಡುವುದಿಲ್ಲ. ಹಳೇ ಬೆಲ್ಟೇ ಇಲ್ಲದ ಮೇಲೆ ಹೊಸದರ ಅಳತೆ ಹೇಗೆ ತೆಗೆಯುವುದು?

ಬೆಸುಗೆಮನೆ:
ದಾರವನ್ನು ಬೆಲ್ಟು ಹೋಗುವ ದಾರಿಯಲ್ಲೇ ಪುಲ್ಲಿಗಳ ಮೇಲೆ ಸುತ್ತಿ ಉದ್ದ ಅಳೆಯಿರಿ, ಅದರಲ್ಲಿ ನೂರಕ್ಕೆ ಐದರಷ್ಟು ಕಳೆದು ಆರ್ಡರ್ ಮಾಡಿ. ಡಾಂಬರು ಹೋಗಲು ಐಸೋಪ್ರೊಪೈಲ್ ಆಲ್ಕೋಹಾಲ್. ಅಸಿಟೋನ್ ಬಾಟಲಿ ಹತ್ತಿರ ಇದೆ ಅಂತ ಅದನ್ನು ಹಾಕಬೇಡಿ, ಪುಲ್ಲಿಯೇ ಕರಗೀತು. ಇಡ್ಲಿ ತಟ್ಟೆಯ ವಿಷಯ ನನ್ನ ಹೆಸರು ಹೇಳಬೇಡಿ.