ವಿ-ಕ್ರಾಸ್‌ಗೆ ಚಿಪ್ ಹಾಕಿದ ಮೇಲೆ ಘಾಟಿಯಲ್ಲಿ ಎಳೆತ ಸತ್ತು ಹೋಗುತ್ತಿದೆ, ಸಹಾಯ ಮಾಡಿ

ಕಾಫಿತೋಟ_ಮೂಡಿಗೆರೆ:
ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ನನ್ನ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ಗಾಡಿಗೆ ಚಿಪ್, ಅಂದರೆ ಪವರ್ ಜಾಸ್ತಿ ಮಾಡುವ ಡಬ್ಬಿ, ಹಾಕಿಸಿದೆ. ಮೊದಲ ಎರಡು ದಿನ ಗಾಡಿ ಹಾರಿತು. ಮೂರನೇ ದಿನ ಮಂಗಳೂರಿಂದ ಪೈಪ್ ತುಂಬಿಕೊಂಡು ಚಾರ್ಮಾಡಿ ಹತ್ತುವಾಗ ಚೆಕ್ ಎಂಜಿನ್ ಲೈಟ್ ಬಂತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಹಿಂದೆ ಬಸ್ಸು, ಪಕ್ಕದಲ್ಲಿ ಕಣಿವೆ. ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ಎರಡು ತಿರುವು ದಾಟಿದರೆ ಮತ್ತೆ ಅದೇ ಕಥೆ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಘಟ್ಟದ_ಡೀಸೆಲ್:
ನೂರಕ್ಕೆ ನೂರು ಎಸ್‌ಸಿವಿ. ಡೀಸೆಲ್ ಪಂಪ್ ಮೇಲಿನ ಸಕ್ಷನ್ ಕಂಟ್ರೋಲ್ ವಾಲ್ವ್, ಪಂಪಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನೋಡಿಕೊಳ್ಳುವುದು. ಕೊಳಕು ಡೀಸೆಲ್ ಹೋದರೆ ಅದು ಅಂಟಿಕೊಳ್ಳುತ್ತದೆ. ಬದಲಾಯಿಸಿ, ಮುಗೀತು.

ಸ್ಪ್ಯಾನರ್_ಹಾಸನ:
ಯಾವ ವರ್ಷದ ಗಾಡಿ? 2.5 ಲೀಟರ್ ಎಂಜಿನ್ ಅಥವಾ 1.9? ಯಾವ ಚಿಪ್? ಸ್ಕ್ಯಾನ್ ಮಾಡಿದಾಗ ಎರರ್ ಕೋಡ್ ಏನು ಬಂದಿದೆ? ಇಷ್ಟು ಹೇಳದೆ ಯಾರೂ ಏನೂ ಹೇಳಲು ಆಗುವುದಿಲ್ಲ ಸರ್.

ಕಾಫಿತೋಟ_ಮೂಡಿಗೆರೆ:
2018, 2.5 ಮ್ಯಾನುಯಲ್, 134 ಎಚ್‌ಪಿಯದು. ಕೋಡ್ ಪಿ0087. ಚಿಪ್ ತೆಗೆದು ಓಡಿಸಿ ನೋಡಿದೆ, ಆಗಲೂ ಬರುತ್ತದೆ. ಅಂದರೆ ಚಿಪ್ಪಿನ ತಪ್ಪಲ್ಲ ಅಲ್ವಾ?

ಘಟ್ಟದ_ಡೀಸೆಲ್:
ನಾನು ಹೇಳಲಿಲ್ವಾ! ಪಿ0087 ಅಂದರೆ ರೈಲ್, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪು, ಅದರಲ್ಲಿ ಪ್ರೆಶರ್ ಕಡಿಮೆ. ಲೋಡ್‌ನಲ್ಲಿ ಡೀಸೆಲ್ ಸಾಲುತ್ತಿಲ್ಲ. ಮೊದಲು ಫಿಲ್ಟರ್, ಆಮೇಲೆ ಎಸ್‌ಸಿವಿ. ನನ್ನ ಗಾಡಿಯಲ್ಲಿ ಒಂದು ಲಕ್ಷ ಕಿಲೋಮೀಟರ್‌ಗೆ ಹೀಗೇ ಆಗಿತ್ತು.

ತೀರ್ಥಹಳ್ಳಿ_4x4:
ಚಿಪ್ ಹಾಕುವ ಮೊದಲು ಕಾನೂನು ನೋಡಿದ್ದೀರಾ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದುಕೊಳ್ಳಬಹುದು.

ಘಟ್ಟದ_ಡೀಸೆಲ್:
ಅವರು ಗಾಡಿ ಎಳೆಯುತ್ತಿಲ್ಲ ಎಂದು ಕೇಳುತ್ತಿದ್ದಾರೆ. ನಿಮ್ಮ ಗಾಡಿಗೆ ಹಾಕಿರುವ ದಪ್ಪ ಟೈರು, ಲಿಫ್ಟ್ ಕಿಟ್ ಎಲ್ಲ ಕಂಪನಿಯೇ ಕೊಟ್ಟಿತ್ತಾ?

ತೀರ್ಥಹಳ್ಳಿ_4x4:
ಟೈರಿಗೂ ಎಂಜಿನ್‌ಗೂ ವ್ಯತ್ಯಾಸ ಇದೆ. ಲಿಫ್ಟ್ ತೆಗೆಸಿ ಒಂದು ವರ್ಷ ಆಯಿತು. ಒಳ್ಳೆಯದಕ್ಕೆ ಹೇಳಿದೆ, ಇಷ್ಟವಿದ್ದರೆ ಕೇಳಿ.

ಬೆಳ್ಳಿ_ಪಿಕಪ್:
ನನ್ನದು 2021ರ ಬಿಎಸ್6, 1.9, 163 ಎಚ್‌ಪಿ. ಚಿಪ್ ಬೇಕೇ ಆಗಿಲ್ಲ. ಸ್ನಾರ್ಕೆಲ್, ವಿಂಚ್, ಹಿಂದೆ ಕ್ಯಾನೊಪಿ, ಒಳಗೆ ಎರಡು ಡ್ರಾಯರ್, ಫ್ರಿಜ್. ಶಿರಾಡಿಯಲ್ಲಿ ಫುಲ್ ಲೋಡ್‌ನಲ್ಲೂ ಆರಾಮ. ಸಂಜೆ ಫೋಟೊ ಹಾಕುತ್ತೇನೆ.

ಕಾಫಿತೋಟ_ಮೂಡಿಗೆರೆ:
ಫಿಲ್ಟರ್ ಹಾಕಿಸಿದೆ. ಎಸ್‌ಸಿವಿಯೂ ಹೊಸದು ಹಾಕಿಸಿದೆ. ನಿನ್ನೆ ಚಾರ್ಮಾಡಿಯಲ್ಲಿ ಮತ್ತೆ ಅದೇ. ಎಂಜಿನ್ ಡೇಟಾ ತೋರಿಸುವ ಓಬಿಡಿ ಅಡಾಪ್ಟರ್ ಹಾಕಿ ಮೊಬೈಲಿನಲ್ಲಿ ನೋಡಿದೆ, ಐಡಲ್‌ನಲ್ಲಿ ರೈಲ್ ಪ್ರೆಶರ್ 31 ತೋರಿಸುತ್ತದೆ. ಸುಮ್ನೆ ದುಡ್ಡು ಹೋಯಿತು. ಮುಂದಿನ ತಿಂಗಳು ಮೆಣಸು ಸಾಗಿಸಬೇಕು, ಈ ಗಾಡಿ ನಂಬಿಕೊಂಡು ಘಟ್ಟ ಇಳಿಯಲು ಧೈರ್ಯ ಬರುತ್ತಿಲ್ಲ.

ಘಟ್ಟದ_ಡೀಸೆಲ್:
31 ಬಾರ್! ಹಾಗಾದರೆ ಪಂಪೇ ಹೋಗಿದೆ.

ಸ್ಪ್ಯಾನರ್_ಹಾಸನ:
ಅದು ಬಾರ್ ಅಲ್ಲ, ಮೆಗಾಪ್ಯಾಸ್ಕಲ್. 31 ಅಂದರೆ 310 ಬಾರ್, ಐಡಲ್‌ಗೆ ಸರಿಯಾಗಿದೆ. 31 ಬಾರ್‌ನಲ್ಲಿ ಕಾಮನ್ ರೈಲ್ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ದಯವಿಟ್ಟು ಪಂಪ್ ಬಿಚ್ಚಿಸಬೇಡಿ.

ಕಾಫಿತೋಟ ಅವರೇ, ಎರಡೇ ಪ್ರಶ್ನೆ. ಆ ಚಿಪ್ ಇದೇ ಗಾಡಿಗೆಂದು ಬಂದಿದ್ದಾ? ಮತ್ತೆ ‘ಚಿಪ್ ತೆಗೆದೆ’ ಅಂದಿರಲ್ಲ, ಹೇಗೆ ತೆಗೆದಿರಿ?

ಕಾಫಿತೋಟ_ಮೂಡಿಗೆರೆ:
ಭಾವನ ಹಳೆಯ ಎಸ್‌ಯುವಿಯಲ್ಲಿ ಇತ್ತು. ಅವರು ಗಾಡಿ ಮಾರುವಾಗ ನನಗೆ ಕೊಟ್ಟರು. ಕನೆಕ್ಟರ್ ಇದಕ್ಕೆ ಕೂರಲಿಲ್ಲ. ಎಲೆಕ್ಟ್ರಿಷಿಯನ್ ಸೆನ್ಸರ್ ವೈರ್ ಕಟ್ ಮಾಡಿ ಜಾಯಿಂಟ್ ಹಾಕಿ ಟೇಪ್ ಸುತ್ತಿಕೊಟ್ಟರು. ತೆಗೆದದ್ದು ಅಂದರೆ ಡಬ್ಬಿ ಬಿಚ್ಚಿ ಬೈಪಾಸ್ ಪ್ಲಗ್ ಹಾಕಿದೆ. ವೈರಿಂಗ್ ಹಾಗೇ ಇದೆ. ಸೆಟ್ಟಿಂಗ್ ಒಂಬತ್ತರಲ್ಲಿ ಏಳಕ್ಕೆ ಇತ್ತು, ಭಾವ ಅಷ್ಟೇ ಇಟ್ಟಿದ್ದರು. ಇದೆಲ್ಲ ಮುಖ್ಯವೆಂದು ಅಂದುಕೊಂಡಿರಲಿಲ್ಲ.

ಸ್ಪ್ಯಾನರ್_ಹಾಸನ:
ಇದೇ ಮುಖ್ಯ ಸರ್. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಈ ಡಬ್ಬಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗಿನ ಯಾವುದನ್ನೂ ಬದಲಾಯಿಸುವುದಿಲ್ಲ. ರೈಲ್ ಪ್ರೆಶರ್ ಸೆನ್ಸರ್‌ಗೆ ಮೂರು ವೈರ್: 5 ವೋಲ್ಟ್, ಅರ್ಥ್, ಸಿಗ್ನಲ್. ಒತ್ತಡ ಏರಿದಂತೆ ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟ್‌ವರೆಗೆ ಹೋಗುತ್ತದೆ. ಡಬ್ಬಿ ನಡುವೆ ಕೂತು ಅದನ್ನು ಸ್ವಲ್ಪ ಇಳಿಸಿ ಇಸಿಯುಗೆ ಕೊಡುತ್ತದೆ. ಒತ್ತಡ ಸಾಲದು ಎಂದುಕೊಂಡು ಇಸಿಯು ಜಾಸ್ತಿ ಮಾಡುತ್ತದೆ. ಅದೇ ನಿಮಗೆ ಸಿಕ್ಕ ಪವರ್.

ಸಮಸ್ಯೆ ಎಂದರೆ ಎಲ್ಲ ಸೆನ್ಸರ್‌ಗಳ ಅಳತೆ ಒಂದೇ ಅಲ್ಲ. ಉದಾಹರಣೆಗೆ ಡಬ್ಬಿ 0.3 ವೋಲ್ಟ್ ಇಳಿಸುತ್ತದೆ ಎಂದುಕೊಳ್ಳಿ. 1500 ಬಾರ್ ಅಳೆಯುವ ಸೆನ್ಸರ್‌ನಲ್ಲಿ ಅದು 112 ಬಾರ್. 2000 ಬಾರ್ ಸೆನ್ಸರ್‌ನಲ್ಲಿ ಅದೇ 0.3 ವೋಲ್ಟ್ 150 ಬಾರ್. ಬೇರೆ ಗಾಡಿಯ ಡಬ್ಬಿ, ಅದೂ ಏಳನೇ ಸೆಟ್ಟಿಂಗ್. ಲೋಡ್‌ನಲ್ಲಿ ನಿಜವಾದ ಒತ್ತಡ ಎಲ್ಲಿಗೆ ಹೋಗಿತ್ತೋ ಇಸಿಯುಗೂ ಗೊತ್ತಿಲ್ಲ, ನಿಮ್ಮ ಮೊಬೈಲಿಗೂ ಗೊತ್ತಿಲ್ಲ.

ರೈಲ್ ತುದಿಯಲ್ಲಿ ಪ್ರೆಶರ್ ಲಿಮಿಟರ್ ಇದೆ. ಒತ್ತಡ ಮಿತಿ ಮೀರಿದರೆ ಅದು ತೆರೆದು ಡೀಸೆಲ್‌ ಅನ್ನು ರಿಟರ್ನ್‌ಗೆ ಬಿಡುತ್ತದೆ. ಆಗ ಒತ್ತಡ ಧಡಕ್ಕನೆ ಬೀಳುತ್ತದೆ, ಪಿ0087 ಬರುತ್ತದೆ. ಕೋಡ್ ಹೇಳುವುದು ‘ಕಡಿಮೆ’, ಆಗಿರುವುದು ಜಾಸ್ತಿ. ಪದೇ ಪದೇ ತೆರೆದ ಲಿಮಿಟರ್ ಆಮೇಲೆ ಸರಿಯಾಗಿ ಮುಚ್ಚಿಕೊಳ್ಳದೆ ಇರಬಹುದು. ಡಬ್ಬಿ ತೆಗೆದ ಮೇಲೂ ಕೋಡ್ ಬರಲು ಅದು ಒಂದು ಕಾರಣ. ಟೇಪ್ ಸುತ್ತಿದ ಜಾಯಿಂಟ್ ಇನ್ನೊಂದು.

ಮೊದಲು ಕೀ ತೆಗೆದು ಹತ್ತು ನಿಮಿಷ ಬಿಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಚಿಪ್ಪಿನ ವೈರಿಂಗ್ ಪೂರ್ತಿ ತೆಗೆದು ಸೆನ್ಸರ್ ವೈರ್ ಬೆಸುಗೆ ಹಾಕಿಸಿ, ಸ್ಲೀವ್ ಹಾಕಿಸಿ. ಆಮೇಲೆ ಲಿಮಿಟರ್‌ನ ರಿಟರ್ನ್ ಹೋಸ್ ಬಿಚ್ಚಿ, ಅಲ್ಲಿಗೆ ಒಂದು ಟ್ಯೂಬ್ ಸಿಕ್ಕಿಸಿ ಬಾಟಲಿಗೆ ಬಿಟ್ಟು ಐಡಲ್‌ನಲ್ಲಿ ನೋಡಿ. ಅಲ್ಲಿ ಡೀಸೆಲ್ ಬರಬಾರದು. ಎಂಜಿನ್ ಓಡುವಾಗ ಇಂಜೆಕ್ಟರ್‌ಗೆ ಹೋಗುವ ಸ್ಟೀಲ್ ಪೈಪ್‌ಗಳ ನಟ್ ಮಾತ್ರ ಮುಟ್ಟಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈ ಕಳೆದುಕೊಂಡವರಿದ್ದಾರೆ.

ಘಟ್ಟದ_ಡೀಸೆಲ್:
ಮೆಗಾಪ್ಯಾಸ್ಕಲ್ ವಿಷಯ ಒಪ್ಪುತ್ತೇನೆ. ಆದರೆ ಹೊಸದಾಗಿ ಹಾಕಿದ ಎಸ್‌ಸಿವಿ ಒರಿಜಿನಲ್ ಹೌದಾ ಎಂದು ನೋಡಿ. ನಕಲಿ ತುಂಬಾ ಬರುತ್ತಿವೆ.

ಬೆಳ್ಳಿ_ಪಿಕಪ್:
ಫೋಟೊ ಹಾಕಿದ್ದೇನೆ. ಕ್ಯಾನೊಪಿ ಕೊಯಮತ್ತೂರಿನಲ್ಲಿ ಮಾಡಿಸಿದ್ದು.

ತೀರ್ಥಹಳ್ಳಿ_4x4:
ಬೆಳ್ಳಿ ಅವರೇ, ಡ್ರಾಯರ್‌ಗೆ ಯಾವ ರೈಲ್ ಹಾಕಿಸಿದಿರಿ? ಧೂಳು ಒಳಗೆ ಹೋಗುವುದಿಲ್ವಾ?

ಕಾಫಿತೋಟ_ಮೂಡಿಗೆರೆ:
ಭಾನುವಾರ ಕೂತು ಮಾಡಿದೆ. ಟೇಪ್ ಬಿಚ್ಚಿದರೆ ಒಂದು ವೈರ್ ಹಸಿರಾಗಿತ್ತು, ನೀರು ಹೋಗಿದೆ. ಬೆಸುಗೆ ಹಾಕಿಸಿದೆ. ಲಿಮಿಟರ್ ಹೋಸ್ ಬಿಚ್ಚಿದೆ. ಐಡಲ್‌ನಲ್ಲೇ ತೊಟ್ಟಿಕ್ಕುತ್ತಿದೆ, ಎರಡು ಸಾವಿರ ಆರ್‌ಪಿಎಂಗೆ ಸಣ್ಣ ಧಾರೆ. ಖಾಲಿ ಗಾಡಿಯಲ್ಲಿ ಚಾರ್ಮಾಡಿ ಹತ್ತಿದೆ, ಕೋಡ್ ಬರಲಿಲ್ಲ. ಲೋಡ್ ಹಾಕಿ ನೋಡಿಲ್ಲ.

ಸ್ಪ್ಯಾನರ್_ಹಾಸನ:
ಲಿಮಿಟರ್ ಹೋಗಿದೆ. ಅದನ್ನು ತೊಳೆದು ಮತ್ತೆ ಹಾಕಬೇಡಿ, ಹೊಸದೇ ಬೇಕು. ಬಿಚ್ಚುವ ಮೊದಲು ಸುತ್ತ ಚೆನ್ನಾಗಿ ಒರೆಸಿ, ಒಂದು ಚೂರು ಮಣ್ಣು ರೈಲ್ ಒಳಗೆ ಬಿದ್ದರೆ ಇಂಜೆಕ್ಟರ್‌ಗೆ ಬರುತ್ತದೆ. ಅಲ್ಲಿಯವರೆಗೆ ಲೋಡ್ ಹಾಕಬೇಡಿ.

ಕಾಫಿತೋಟ_ಮೂಡಿಗೆರೆ:
ಪಾರ್ಟ್ ಆರ್ಡರ್ ಮಾಡಿದ್ದೇನೆ. ಹತ್ತು ದಿನ ಅನ್ನುತ್ತಾರೆ. ಡಬ್ಬಿ ಭಾವನಿಗೆ ವಾಪಸ್ ಕೊಟ್ಟೆ. ನಿಮ್ಮ ಒಂದು ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿದ್ದರೆ ಎಸ್‌ಸಿವಿ ದುಡ್ಡು ಉಳಿಯುತ್ತಿತ್ತು. ಪಾರ್ಟ್ ಬಂದ ಮೇಲೆ ಲೋಡ್ ಹಾಕಿ ಹತ್ತಿ ಇಲ್ಲೇ ಬರೆಯುತ್ತೇನೆ.