ಬೇಕಲಕ್ಕೆ ಬಂದವರನ್ನು ಬದಿಯಡ್ಕ-ಪೆರ್ಲದ ಕಡೆಗೆ ತರುದು ಹೇಗೆ? ನಾಲ್ಕೈದು ಮನೆಯವರು ಒಟ್ಟಾಗಿ ಪ್ರಚಾರ ಮಾಡಿದ ಅನುಭವ ಇದ್ದವರು ಹೇಳಿ

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಒಳಗಿನ ಪೆರ್ಲದ ಹತ್ತಿರ ಅಡಿಕೆ ತೋಟ, ಹಳೇ ಮನೆಯ ಮೂರು ರೂಮು ರಿಪೇರಿ ಮಾಡಿ ಹೋಮ್‌ಸ್ಟೇ ಶುರು ಮಾಡಿ ಎರಡು ವರ್ಷ ಆಯ್ತು. ಬಂದವರು ಖುಷಿಯಲ್ಲೇ ಹೋಗ್ತಾರೆ, ಆದ್ರೆ ಬರುವವರೇ ಕಡಿಮೆ. ಹೊರಗಿನವರಿಗೆ ಕಾಸರಗೋಡು ಅಂದ್ರೆ ಬೇಕಲ ಕೋಟೆ, ಅಷ್ಟೇ. ಮಂಗಳೂರಿಂದ ಬೆಳಿಗ್ಗೆ ಹೊರಟು ಕೋಟೆ ನೋಡಿ ಫೋಟೋ ತೆಗೆದು ಸಂಜೆಗೆ ವಾಪಸ್, ಇಲ್ಲಾಂದ್ರೆ ಅಲ್ಲೇ ಬೀಚಿನ ಹತ್ತಿರ ದೊಡ್ಡ ರಿಸಾರ್ಟಲ್ಲಿ ಎರಡು ದಿನ ಇದ್ದು ಕಣ್ಣೂರು ಕಡೆಗೆ. ಬೇಕಲಕ್ಕೆ ಸರ್ಕಾರ 1995ರಲ್ಲೇ ಒಂದು ನಿಗಮ ಮಾಡಿ ಕೆಲಸ ಶುರು ಮಾಡಿತ್ತು, ಒಳ್ಳೆದೇ ಆಯ್ತು, ಆದ್ರೆ ಆ ಜನ ಒಳಗಿನ ಊರಿಗೆ ಬರುದಿಲ್ಲ.

ಹೋದ ವರ್ಷ ನಾವು ಐದು ಮಂದಿ ಸೇರಿದ್ದೆವು. ಎರಡು ಹೋಮ್‌ಸ್ಟೇ, ಹಪ್ಪಳ ಉಪ್ಪಿನಕಾಯಿ ಮಾಡುವ ಒಬ್ರು ಅಕ್ಕ, ಒಂದು ಜೀಪಿನವರು, ಯಕ್ಷಗಾನದ ವೇಷಭೂಷಣ ಮಾಡುವ ಒಬ್ರು. ಒಟ್ಟಿಗೆ ಒಂದು ಬ್ರೋಷರ್ ಮತ್ತು ವೆಬ್‌ಸೈಟ್ ಮಾಡುವ ಅಂತ. ಡಿಸೈನ್ ಮಾಡುವವರು 40,000 ರೂಪಾಯಿ ಹೇಳಿದ್ರು. ಯಾರು ಎಷ್ಟು ಹಾಕುದು, ಯಾರ ಮನೆ ಫೋಟೋ ಮುಂದೆ ಬರಬೇಕು, ಯಾರ ಫೋನ್ ನಂಬ್ರ ಕೊಡುದು ಅಂತ ಮೂರು ಮೀಟಿಂಗ್ ಆಗಿ ನಾಲ್ಕನೆಯದಕ್ಕೆ ಯಾರೂ ಬರ್ಲಿಲ್ಲ. ವಾಟ್ಸಾಪ್ ಗ್ರೂಪ್ ಇನ್ನೂ ಉಂಟು, ಅದರಲ್ಲಿ ಈಗ ಶುಭೋದಯ ಮಾತ್ರ ಬರುದು. ನನಗೆ ಇದು ನಿಜಕ್ಕೂ ಬೇಸರ. ಒಬ್ಬೊಬ್ಬರೇ ಮಾಡಿ ಆಗುದಿಲ್ಲ ಅಂತ ಗೊತ್ತುಂಟು, ಒಟ್ಟಿಗೆ ಮಾಡ್ಲಿಕ್ಕೆ ಹೋದ್ರೆ ಹೀಗೆ. ಎಲ್ಲಿಂದ ಶುರು ಮಾಡ್ಬೇಕು?

ಫ್ರಂಟ್‌ಆಫೀಸ್_ಕಾಞಂಗಾಡ್

ಅಣ್ಣ, ನಾನು ಬೇಕಲದ ಕಡೆ ಒಂದು ರಿಸಾರ್ಟಿನ ರಿಸೆಪ್ಶನಲ್ಲಿ ಒಂಬತ್ತು ವರ್ಷ ಇದ್ದೆ, ಅದಕ್ಕೆ ಆಚೆ ಬದಿಯಿಂದ ಕಾಣುದನ್ನು ಹೇಳ್ತೇನೆ. ಗೆಸ್ಟ್ ಬಂದ ದಿನ ಪೂಲು, ಬೀಚು. ಮರುದಿನ ಬೆಳಿಗ್ಗೆ ಕೋಟೆ. ಹನ್ನೊಂದು ಗಂಟೆಗೆ ಕೋಟೆ ಮುಗೀತದೆ, ಬಿಸಿಲು ಏರ್ತದೆ, ಸೀದಾ ಕೌಂಟರಿಗೆ ಬಂದು ಕೇಳುದು ಒಂದೇ ಪ್ರಶ್ನೆ, ಇನ್ನು ನೋಡ್ಲಿಕ್ಕೆ ಎಂತ ಉಂಟು? ನಾವು ಅನಂತಪುರದ ಕೆರೆ ದೇವಸ್ಥಾನ, ರಾಣಿಪುರಂ ಗುಡ್ಡ, ವಲಿಯಪರಂಬದ ಹಿನ್ನೀರಿನ ದೋಣಿ ಅಂತ ಹೇಳ್ತಿದ್ದೆವು. ಬದಿಯಡ್ಕ ಕಡೆ ಹೇಳ್ಲಿಕ್ಕೆ ನಮ್ಮ ಹತ್ರ ಎಂತದೂ ಇರ್ಲಿಲ್ಲ, ಅಲ್ಲಿ ಎಂತ ಇಲ್ಲ ಅಂತಲ್ಲ, ಫೋನ್ ಮಾಡಿ ಕೇಳ್ಲಿಕ್ಕೆ ಜನ ಇರ್ಲಿಲ್ಲ. ಬ್ರೋಷರ್ ಎಷ್ಟೋ ಬಂದು ಡ್ರಾವರಲ್ಲಿ ಹಾಗೇ ಉಳಿದದ್ದನ್ನು ನಾನೇ ನೋಡಿದ್ದೇನೆ.

ರಿಸಾರ್ಟಿನವರಿಗೆ ಬೇಕಾದ್ದು ಇಷ್ಟು: ಒಂದು ನಂಬ್ರ, ಅದು ಯಾವಾಗಲೂ ಎತ್ತಬೇಕು. ಒಂದು ರೇಟು, ಸೀಸನಿಗೆ ಬದಲಾಗ್ಬಾರ್ದು. ಬಿಲ್ಲು ಕೊಡ್ಬೇಕು. ಶೌಚಾಲಯ ಚೊಕ್ಕ ಇರ್ಬೇಕು (ಇದನ್ನು ಯಾರೂ ಮೀಟಿಂಗಲ್ಲಿ ಮಾತಾಡುದಿಲ್ಲ, ಗೆಸ್ಟ್ ವಾಪಸ್ ಬಂದು ಮೊದಲು ಹೇಳುದು ಇದನ್ನೇ). ಮತ್ತೆ ನಿಮ್ಮಲ್ಲಿ ಯಾರಾದ್ರು ಮದುವೆಗೆ ಹೋದ್ರೆ ಅದೇ ಕೆಲಸ ಮಾಡ್ಲಿಕ್ಕೆ ಇನ್ನೊಬ್ರು ಇರ್ಬೇಕು. ಒಂದು ಸಲ ನಾವು ಆರು ಮಂದಿಯನ್ನು ಒಂದು ಕಡೆ ಊಟಕ್ಕೆ ಕಳಿಸಿ, ಅವ್ರು ಹೋಗುವಾಗ ಬಾಗಿಲಿಗೆ ಬೀಗ. ಮತ್ತೆ ಅಲ್ಲಿಗೆ ಯಾರನ್ನೂ ಕಳಿಸ್ಲಿಲ್ಲ. ನೀವು ಐದು ಮಂದಿ ಒಟ್ಟಾಗ್ಬೇಕಾದ್ದು ಇದಕ್ಕೆ, ಫೋಟೋಗಲ್ಲ.

ಅರ್ಧ ದಿನದ ಒಂದೇ ಒಂದು ಕಾರ್ಯಕ್ರಮ ಮಾಡಿ. ಬೆಳಿಗ್ಗೆ ಹತ್ತೂವರೆಗೆ ಹೊರಟು ತೋಟ, ಊಟ, ನಾಲ್ಕಕ್ಕೆ ವಾಪಸ್. ಅದನ್ನು ಮೂರು ರಿಸಾರ್ಟಿನ ಕೌಂಟರಲ್ಲಿ ಕೂತವರನ್ನು ಕರೆದು ಒಂದು ದಿನ ಫ್ರೀಯಾಗಿ ತೋರಿಸಿ. ಮ್ಯಾನೇಜರನ್ನಲ್ಲ, ಕೌಂಟರಿನವರನ್ನು. ಅವ್ರು ಉಂಡು ಹೋದ್ರೆ ಗೆಸ್ಟಿಗೆ ಅವ್ರೇ ಹೇಳ್ತಾರೆ.

ಕುಂಬ್ಳೆ_ಟ್ಯಾಕ್ಸಿ

ಮೇಲಿನವರು ಹೇಳಿದ್ದು ಸರಿ. ನಾನು ಇಪ್ಪತ್ತು ವರ್ಷದಿಂದ ಕಾರು ಓಡಿಸುದು. ಸಮಯದ ವಿಷಯ ಒಂದು ಸೇರಿಸ್ತೇನೆ. ಅನಂತಪುರ, ಮಧೂರು ಎರಡೂ ದೇವಸ್ಥಾನವನ್ನು ಒಟ್ಟಿಗೆ ಹಾಕಿ ಹನ್ನೆರಡೂವರೆಗೆ ತಂದು ನಿಲ್ಲಿಸ್ತಾರೆ, ಅಷ್ಟೊತ್ತಿಗೆ ಮಧ್ಯಾಹ್ನ ಪೂಜೆ ಆಗಿ ನಡೆ ಹಾಕಿರ್ತದೆ, ಗೆಸ್ಟಿಗೆ ಸಿಟ್ಟು, ಬೈಗುಳ ನನಗೆ. ಬೆಳಿಗ್ಗೆ ಬೇಗ ಮಧೂರಿಗೆ ಹೋಗಿ ಅಪ್ಪ ಪ್ರಸಾದ ತಗೊಂಡು ಮತ್ತೆ ನಿಮ್ಮ ಕಡೆ ಬಂದ್ರೆ ಸರಿಯಾಗ್ತದೆ. ಅನಂತಪುರ ಸಂಜೆಗೆ ಇಡಿ, ಕೆರೆಯ ಮಧ್ಯದ ಆ ಗುಡಿ ಸಂಜೆ ಬೆಳಕಿಗೇ ಚಂದ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಲ್ಲಿ ತೀರಿಹೋದ ಮೇಲೆ ಜನ ಕಡಿಮೆ ಆಗ್ತಾರೆ ಅಂತ ನನಗೆ ಹೆದರಿಕೆ ಇತ್ತು, ಮರುವರ್ಷ ನವೆಂಬರಲ್ಲಿ ಇನ್ನೊಂದು ಮೊಸಳೆ ಕಾಣಿಸಿದ ಮೇಲೆ ಮತ್ತೆ ಕೇಳ್ಕೊಂಡು ಬರ್ತಾರೆ. ಆದ್ರೆ ಮೊಸಳೆ ಕಾಣ್ತದೆ ಅಂತ ಯಾರೂ ಗ್ಯಾರಂಟಿ ಕೊಡ್ಬೇಡಿ, ಕಾಣದಿದ್ರೆ ಆ ಬೇಸರ ಪೂರಾ ದಿನ ಇರ್ತದೆ.

ಮತ್ತೆ ಇನ್ನೊಂದು ದೊಡ್ಡ ವಿಷಯ ನೀವು ಬಿಟ್ಟಿದ್ದೀರಿ. ಬೆಂಗಳೂರಿಂದ ಕಾರಲ್ಲಿ ಬೇಕಲಕ್ಕೆ ಬರುವವರು ಮಂಗಳೂರಿಗೆ ಇಳಿದು ತಲಪಾಡಿ ಮೇಲೆ ಬರ್ತಾರೆ. ಅದು ಬೇಡ, ಕಲ್ಲಡ್ಕದಲ್ಲೇ ಎಡಕ್ಕೆ ತಿರುಗಿದ್ರೆ ವಿಟ್ಲ, ಅಡ್ಕಸ್ಥಳ, ಪೆರ್ಲ, ಬದಿಯಡ್ಕ, ಎಡನೀರು ಮೇಲೆ ಸೀದಾ ಚೆರ್ಕಳ. ಮಂಗಳೂರಿನ ಟ್ರಾಫಿಕ್ಕೇ ಇಲ್ಲ. ನಿಮ್ಮ ಮನೆ ಆ ರಸ್ತೆಯಲ್ಲೇ ಅಲ್ವಾ? ಮತ್ತೆ ನೀವು ಬೇಕಲಕ್ಕೆ ಬಂದವರನ್ನು ಹಿಂದೆ ಕರೆಯುದು ಯಾಕೆ, ಬೇಕಲಕ್ಕೆ ಹೋಗುವವರನ್ನು ಒಂದು ರಾತ್ರಿ ನಿಲ್ಲಿಸಿ. ಅವ್ರಿಗೂ ಘಾಟಿ ಇಳಿದು ಸುಸ್ತಾಗಿರ್ತದೆ.

ಮಗ್ಗದಮನೆ

ನಾನು ಕಾಸರಗೋಡು ಸೀರೆ ನೇಯುವ ಮನೆಯವಳು. ಒಂದು ಮಾತು ಕಮಿಷನ್ ಬಗ್ಗೆ, ಇದನ್ನು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳದಿದ್ರೆ ನಿಮ್ಮ ಕೂಟ ಮುರೀತದೆ. ನಮ್ಮಲ್ಲಿಗೆ ಒಬ್ರು ಗೆಸ್ಟನ್ನು ಕರ್ಕೊಂಡು ಬರ್ತಿದ್ರು, ಮೊದಲು ಎಂತದೂ ಕೇಳ್ಲಿಲ್ಲ, ಮತ್ತೆ ನೂರಕ್ಕೆ ಹತ್ತು, ಮತ್ತೆ ಇಪ್ಪತ್ತು. ಕೈಮಗ್ಗದ ಹತ್ತಿ ಸೀರೆ ಒಂದಕ್ಕೆ ಎಷ್ಟು ದಿನದ ಕೆಲಸ ಉಂಟು ಅಂತ ಅವ್ರಿಗೂ ಗೊತ್ತುಂಟು. ಅಷ್ಟು ಕೊಟ್ಟು ನಾವು ಉಳಿಯುದಿಲ್ಲ, ರೇಟು ಏರಿಸಿದ್ರೆ ಗೆಸ್ಟಿಗೆ ಮೋಸ. ನಾನು ಕೊಡುದಿಲ್ಲ ಅಂದೆ, ಆ ದಿನದಿಂದ ಕಾರು ನಿಂತಿತು.

ಜಿಐ ಟ್ಯಾಗ್ (ಈ ಊರಿನದ್ದೇ ಅಂತ ಸರ್ಕಾರ ಕೊಡುವ ಗುರುತು) ಇರುವ ಸೀರೆ, ಆದ್ರೂ ಅದು ಮಗ್ಗದಲ್ಲಿ ಹೇಗೆ ಬರ್ತದೆ ಅಂತ ನೋಡಿದವರು ನಮ್ಮ ಜಿಲ್ಲೆಯಲ್ಲೇ ಕಡಿಮೆ. ಹಾಗಾಗಿ ನನ್ನ ಸಲಹೆ, ಮಾರಾಟಕ್ಕೆ ಕಮಿಷನ್ ಬೇಡವೇ ಬೇಡ, ನೋಡ್ಲಿಕ್ಕೆ ಒಂದು ಫೀಸ್ ಇಡಿ. ಅರ್ಧ ಗಂಟೆ ಮಗ್ಗದ ಹತ್ತಿರ ಕೂತು ನೋಡುದಕ್ಕೆ ತಲೆಗೆ ಇಷ್ಟು ಅಂತ ಪ್ಯಾಕೇಜಲ್ಲೇ ಸೇರ್ಸಿ, ಅದು ನೇಯುವವರಿಗೆ ಹೋಗ್ಲಿ, ಸೀರೆ ತಗೊಳ್ಳುದು ಬಿಡುದು ಅವ್ರ ಇಷ್ಟ. ಕಾರಿನವರಿಗೆ ಕಾರಿನ ಬಾಡಿಗೆ ಪೂರಾ ಸಿಗ್ಲಿ. ಆಗ ಯಾರೂ ಯಾರ ಮುಖ ನೋಡಿ ಲೆಕ್ಕ ಹಾಕ್ಬೇಕಾಗಿಲ್ಲ. ನೀವು ಹಪ್ಪಳದ ಅಕ್ಕನ ಬಗ್ಗೆ ಬರ್ದಿದ್ದೀರಲ್ಲ, ಅವ್ರನ್ನು ಕೊನೆಯಲ್ಲಿ ಒಂದು ಪ್ಯಾಕೆಟ್ ಮಾರುವವರ ಹಾಗೆ ಇಡ್ಬೇಡಿ, ಹಲಸಿನ ಸೀಸನಲ್ಲಿ ಗೆಸ್ಟಿನ ಕೈಯಲ್ಲೇ ಹಪ್ಪಳ ಒತ್ತಿಸಿ.

ಮಾಷ್ಟ್ರು_ನೀರ್ಚಾಲು

ಚರ್ಚೆ ಒಳ್ಳೆ ದಾರಿಯಲ್ಲುಂಟು. ನಾನು ನಿವೃತ್ತ ಅಧ್ಯಾಪಕ, ಹೋಮ್‌ಸ್ಟೇ ಗೊತ್ತಿಲ್ಲ, ಆದ್ರೆ ಊರು ಗೊತ್ತುಂಟು. ತೋರಿಸ್ಲಿಕ್ಕೆ ನಮ್ಮಲ್ಲಿ ಎಂತ ಉಂಟು ಅಂತ ಪಟ್ಟಿ ಮಾಡುವಾಗ ಎಲ್ಲವನ್ನೂ ಹಾಕ್ಬೇಡಿ. ನಮ್ಮದೇ ಆದ ಒಂದನ್ನು ಹಿಡೀರಿ. ನನ್ನ ಪ್ರಕಾರ ಅದು ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದದ್ದು, ಪಂಪು ಬೇಡ, ಕರೆಂಟು ಬೇಡ, ಗುಡ್ಡದ ಹೊಟ್ಟೆಯಿಂದ ತನ್ನಷ್ಟಕ್ಕೆ ಹರಿದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಕೆರೆಗೆ ಬೀಳ್ತದೆ. ಒಬ್ಬ ಮನುಷ್ಯ ಹಾರೆ ಹಿಡಿದು ದೀಪದ ಬೆಳಕಲ್ಲಿ ಒಳಗೆ ಹೋಗಿ ಅಗೆದದ್ದು ಅದು. ಬೆಂಗಳೂರಲ್ಲಿ ಟ್ಯಾಂಕರಿಗೆ ಕಾಯುವ ಮನುಷ್ಯನಿಗೆ ಅದನ್ನು ತೋರಿಸಿದ್ರೆ ಅವ ಅಲ್ಲೇ ನಿಂತುಬಿಡ್ತಾನೆ, ನಾನು ಕಂಡಿದ್ದೇನೆ. ಆದ್ರೆ ಒಳಗೆ ನುಗ್ಗಿಸ್ಬೇಡಿ. ಬಾಯಿಯಿಂದ ನೋಡಿದ್ರೆ ಸಾಕು, ಮಳೆಗಾಲದಲ್ಲಿ ಮಣ್ಣು ಕುಸಿಯುದುಂಟು, ಹಾವು ಬಾವಲಿಯೂ ಇರ್ತವೆ. ಮತ್ತೆ ಆ ನೀರು ಮನೆಯವರು ಕುಡಿಯುವ ನೀರು.

ಎಡನೀರು ಮಠ ಆ ರಸ್ತೆಯಲ್ಲೇ ಸಿಗ್ತದೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವ ಹಾಗಿಲ್ಲ ಅಂದ 1973ರ ಕೇಶವಾನಂದ ಭಾರತಿ ತೀರ್ಪು ಅಂದ್ರೆ ದೇಶದ ಪ್ರತಿ ಲಾ ಕಾಲೇಜಲ್ಲೂ ಪಾಠ ಉಂಟು, ಹದಿಮೂರು ನ್ಯಾಯಾಧೀಶರು ಕೂತು ಕೊಟ್ಟದ್ದು, ಆ ಸ್ವಾಮಿಗಳು ಇದೇ ಮಠದವರು. ವಕೀಲಿ ಓದುವ ಮಕ್ಕಳಿಗೆ ಕಾಸರಗೋಡಿನ ಹೆಸರು ಗೊತ್ತಾಗಿರುದೇ ಅದರಿಂದ. ಕರಾವಳಿಯಲ್ಲಿ ಇಳಿದ್ರೆ ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಮನೆ, ಅವರ ಸ್ಮಾರಕ ಗಿಳಿವಿಂಡು. ಸಾಹಿತ್ಯದವರಿಗೆ, ಕಾಲೇಜಿನವರಿಗೆ ಅದೊಂದು ಬೇರೆಯೇ ದಿನದ ತಿರುಗಾಟ, ಇದಕ್ಕೆ ಕಲಸ್ಬೇಡಿ.

ಒಂದು ವಿರೋಧ ಹೇಳ್ತೇನೆ, ಯಾರೂ ಬೇಸರ ಮಾಡ್ಬಾರ್ದು. ಭೂತಕೋಲ, ತೆಯ್ಯಂ ಇದನ್ನು ಪ್ಯಾಕೇಜಲ್ಲಿ ಹಾಕಿ ಟಿಕೆಟ್ ಮಾಡ್ಬೇಡಿ. ಕೋಲ ಇದ್ದ ದಿನ ಗೆಸ್ಟ್ ಇದ್ರೆ ಮನೆಯವರ ಒಪ್ಪಿಗೆ ಕೇಳಿ ಕರ್ಕೊಂಡು ಹೋಗಿ, ದೂರ ಕೂರಿಸಿ, ಫೋನ್ ಕಿಸೆಯಲ್ಲಿಡ್ಲಿಕ್ಕೆ ಹೇಳಿ. ಗೆಸ್ಟಿಗೋಸ್ಕರ ಕೋಲ ಕಟ್ಟಿಸುದು ಬೇಡ. ಯಕ್ಷಗಾನ ಬೇರೆ, ಅದು ಜನ ನೋಡ್ಲಿಕ್ಕೇ ಇರುದು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದ್ದುಕೊಂಡು ನಾವು ಅದನ್ನು ತೋರಿಸದಿದ್ರೆ ಹೇಗೆ. ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಮೇಳ ಇರುದಿಲ್ಲ, ಆದ್ರೆ ಮಳೆಗಾಲದಲ್ಲಿ ತಾಳಮದ್ದಳೆ ಉಂಟಲ್ಲ, ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಚಾವಡಿಯಲ್ಲಿ ಎರಡು ಗಂಟೆಯ ಕೂಟ, ಹೊರಗೆ ಮಳೆ. ಕನ್ನಡ ಬಲ್ಲ ಗೆಸ್ಟಿಗೆ ಇದಕ್ಕಿಂತ ಎಂತ ಬೇಕು?

ಪಾಣಾಜೆ_ಗಡಿ

ಪೆರ್ಲದ ಅಣ್ಣನಿಗೆ, ಗಡಿಯ ಈಚೆ ಕರ್ನಾಟಕದಿಂದ ನಮಸ್ಕಾರ. ನಾವು ನಾಲ್ಕು ಮನೆಯವರು ಮೂರು ವರ್ಷದಿಂದ ಒಟ್ಟಿಗೆ ಮಾಡ್ತಿದ್ದೇವೆ, ನಮ್ಮದೂ ಮೊದಲು ಬ್ರೋಷರಲ್ಲೇ ನಿಂತಿತ್ತು. ಮತ್ತೆ ಬದಲಾದದ್ದು ಹೇಗೆ ಅಂದ್ರೆ, ಒಂದು ಡಿಸೆಂಬರಲ್ಲಿ ನಮ್ಮ ಮನೆ ಫುಲ್ ಆಗಿತ್ತು, ಕೇಳಿದವರನ್ನು ಪಕ್ಕದ ಮನೆಗೆ ಕಳಿಸಿದೆ. ಜನವರಿಯಲ್ಲಿ ಅವ್ರು ನನಗೆ ಇಬ್ಬರನ್ನು ಕಳಿಸಿದ್ರು. ಅಷ್ಟೇ, ಅಲ್ಲಿಂದ ಶುರು. ಒಬ್ರ ಗೆಸ್ಟನ್ನು ಇನ್ನೊಬ್ರು ನೋಡ್ಕೊಂಡ ಮೇಲೆ ಯಾರ ಫೋಟೋ ಮುಂದೆ ಅನ್ನುವ ಮಾತು ಏಳ್ಲೇ ಇಲ್ಲ.

ಕೇರಳದಲ್ಲಿ ಹೋಮ್‌ಸ್ಟೇಗೆ ಹೆಚ್ಚು ಅಂದ್ರೆ ಆರು ರೂಮು ಅಲ್ವಾ, ಮನೆಯವರೂ ಅಲ್ಲೇ ಇರ್ಬೇಕು. ಅಂದ್ರೆ 20 ಮಂದಿಯ ಒಂದು ಕುಟುಂಬದ ಗುಂಪು ಕೇಳಿದ್ರೆ ಮೂರು ರೂಮಿನ ನೀವು ಒಬ್ರೇ ಆಗುದಿಲ್ಲ ಅಂತಲೇ ಹೇಳ್ಬೇಕು. ನಾಲ್ಕು ಮನೆ ಸೇರಿದ್ರೆ ಆಗ್ತದೆ. ಮಲಗುದು ನಾಲ್ಕು ಕಡೆ, ಊಟ ಒಂದೇ ಜಗಲಿಯಲ್ಲಿ. ನಮಗೆ ಜಾಸ್ತಿ ಹಣ ಬಂದದ್ದು ಇಂಥ ಗುಂಪುಗಳಿಂದ.

ಹಣದ್ದು ಹೀಗೆ: ಮೊದಲ ವರ್ಷ ಯಾರೂ ಎಂತದೂ ಹಾಕ್ಲಿಲ್ಲ. ಹೀಗೆ ಕಳಿಸಿ ಬಂದ ಗೆಸ್ಟಿನ ಪ್ರತಿ ರೂಮಿಗೆ ರಾತ್ರಿಗೆ 100 ರೂಪಾಯಿ ಡಬ್ಬಿಗೆ. ವರ್ಷದ ಕೊನೆಗೆ ಆ ಡಬ್ಬಿಯ ದುಡ್ಡಲ್ಲೇ ಫೋಟೋ ತೆಗೆಸಿದ್ದು, ಗೂಗಲ್ ಮ್ಯಾಪಲ್ಲಿ ನಾಲ್ಕೂ ಮನೆಯ ಜಾಗ ಸರಿ ಮಾಡಿದ್ದು. ಫೋನ್ ಒಂದೇ, ಬೇರೆ ಸಿಮ್ಮು, ತಿಂಗಳಿಗೆ ಒಬ್ರ ಮನೆಯಲ್ಲಿ. ನೋಟ್‌ಬುಕ್ ಒಂದು ಫೋನಿನ ಜೊತೆಗೇ ತಿರುಗ್ತದೆ, ಯಾರಿಗೆ ಎಷ್ಟು ಗೆಸ್ಟ್ ಹೋಯ್ತು ಅಂತ ಎಲ್ರಿಗೂ ಕಾಣ್ತದೆ. ಒಬ್ರು ಮಧ್ಯದಲ್ಲಿ ಬಿಟ್ಟು ಹೋದ್ರು, ಅವ್ರಿಗೆ ಗೆಸ್ಟ್ ಕಡಿಮೆ ಸಿಕ್ಕಿತು ಅಂತ ಬೇಸರ. ಅವ್ರ ಮನೆ ರಸ್ತೆಯಿಂದ ತುಂಬಾ ಒಳಗೆ, ನಾವು ಅದನ್ನು ಮೊದಲೇ ಯೋಚಿಸ್ಬೇಕಿತ್ತು. ಅಂಥವರಿಗೆ ಊಟದ ಜವಾಬ್ದಾರಿ ಕೊಟ್ಟಿದ್ರೆ ಉಳೀತಿದ್ರೋ ಏನೋ.

ತೋಟದಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡು ಸಲ ಓದಿದೆ, ಮನೆಯವ್ಳಿಗೂ ಓದಿ ಹೇಳಿದೆ. ಕಲ್ಲಡ್ಕ ರಸ್ತೆಯ ವಿಷಯ ನನ್ನ ಕಣ್ಣೆದುರೇ ಇದ್ದು ಕಾಣ್ಲಿಲ್ಲ, ನಾನು ದಿನಾ ಆ ರಸ್ತೆಯಲ್ಲೇ ಹಾಲು ಕೊಡ್ಲಿಕ್ಕೆ ಹೋಗುದು.

ನಿನ್ನೆ ಸಂಜೆ ಆ ಇನ್ನೊಂದು ಹೋಮ್‌ಸ್ಟೇಯವರಲ್ಲಿಗೆ ಹೋಗಿ ಬಂದೆ. ಬ್ರೋಷರಿನ ಮಾತು ನಾನೂ ಎತ್ಲಿಲ್ಲ ಅವ್ರೂ ಎತ್ಲಿಲ್ಲ. ಬರುವ ಶನಿವಾರ ನನ್ನಲ್ಲಿ ಬೆಂಗಳೂರಿನ ಒಂದು ಫ್ಯಾಮಿಲಿ ಉಂಟು, ಮಧ್ಯಾಹ್ನದ ಊಟ ನಿಮ್ಮಲ್ಲಿ ಆಗ್ಬಹುದಾ, ನಿಮ್ಮ ಹಿಂದಿನ ಗುಡ್ಡದ ಸುರಂಗವನ್ನೂ ತೋರಿಸ್ತೀರಾ ಅಂತ ಕೇಳಿದೆ. ಆಗ್ಬಹುದು ಅಂದ್ರು. ಜೀಪು ಬೇಡ, ನಡ್ಕೊಂಡೇ ಹೋಗುವಷ್ಟು ದೂರ. ಫ್ರಂಟ್ ಆಫೀಸಿನ ತಮ್ಮ, ನಿಮ್ಮ ಹಳೇ ಜೊತೆಯವರಲ್ಲಿ ಯಾರಾದ್ರು ಇಬ್ರು ಮೂವರು ರಜೆ ಇದ್ದ ದಿನ ನಮ್ಮಲ್ಲಿ ಊಟಕ್ಕೆ ಬರ್ತಾರಾ ಕೇಳ್ತೀರಾ? ಮೆಸೇಜ್ ಮಾಡಿದ್ದೇನೆ. ಮಗ್ಗದಮನೆ ಅಕ್ಕನಿಗೆ, ಹಪ್ಪಳದ ಅಕ್ಕ ಹೇಳಿದ್ರು, ಒತ್ತುವ ಮಣೆ ಅವ್ರಲ್ಲಿ ಎರಡೇ ಇರುದಂತೆ, ಗುಂಪು ಬಂದ್ರೆ ಸಾಲದು, ನಿಮ್ಮ ಕಡೆ ಮರದ ಕೆಲಸದವರು ಯಾರಾದ್ರು ಇದ್ರೆ ಹೇಳಿ.