‘ಬನವಾಸಿ ಪನ್ನಿರ್ಚ್ಛಾಸಿರ’ ಅಂದರೆ ಹನ್ನೆರಡು ಸಾವಿರ ಜನವೇ?

ವರದೆಯ ಮೊಮ್ಮಗಳು:
ನಮ್ಮ ಅಮ್ಮನ ತವರು ಶಿರಸಿ ತಾಲ್ಲೂಕಿನ ಬನವಾಸಿ. ಮನೆತನದ ವಂಶಾವಳಿ ಬರೆಯಲು ಕೂತಿದ್ದೇನೆ. ಶಾಸನಗಳಲ್ಲಿ ‘ಬನವಾಸಿ 12,000’ ಅಂತ ಬರುತ್ತದಲ್ಲ, ಅದು ಆಗಿನ ಊರಿನ ಜನಸಂಖ್ಯೆಯೇ? ಕದಂಬರ ರಾಜಧಾನಿ ಆಗಿದ್ದ ಊರು ಈಗ ಗದ್ದೆ, ಅಡಿಕೆ ತೋಟ, ಅನಾನಸಿನ ನಡುವಿನ ಸಣ್ಣ ಪೇಟೆ ಆದದ್ದು ಹೇಗೆ?

ಸೊರಬದ ಕಡೆಯವ:
ಜನಸಂಖ್ಯೆ ಅಲ್ಲ. ಅದು ಊರಿನ ಹೆಸರೂ ಅಲ್ಲ, ನಾಡಿನ ಹೆಸರು. ನಮ್ಮ ಸೊರಬ, ಶಿಕಾರಿಪುರ ಎಲ್ಲ ಅದರೊಳಗೇ ಇದ್ದವು. ಹಳ್ಳಿಗಳ ಲೆಕ್ಕ ಅಂತ ಓದಿದ ನೆನಪು.

ನಿವೃತ್ತ ಮಾಸ್ತರ:
ನಾಡಿನ ಹೆಸರು ಅನ್ನುವುದು ಸರಿ. ಹಳ್ಳಿಗಳ ಲೆಕ್ಕ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಳ್ವೊಲ 300, ಪುಲಿಗೆರೆ 300 ಅಂದಾಗ ನಂಬಬಹುದು. ಗಂಗವಾಡಿ 96,000 ಅಂದರೆ? ಚೋಳರ ಶಾಸನಗಳು ರಟ್ಟಪಾಡಿಯನ್ನು, ಅಂದರೆ ರಾಷ್ಟ್ರಕೂಟರೂ ಆಮೇಲೆ ಚಾಲುಕ್ಯರೂ ಆಳಿದ ನಾಡನ್ನು, ಏಳೂವರೆ ಲಕ್ಷ ಅನ್ನುತ್ತವೆ. ಅಷ್ಟು ಹಳ್ಳಿ ಎಲ್ಲಿಂದ ಬರಬೇಕು? ಕಂದಾಯದ ಅಂದಾಜು ಅನ್ನುವವರ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ. ವಿದ್ವಾಂಸರಲ್ಲಿ ಇನ್ನೂ ಒಮ್ಮತ ಇಲ್ಲ.

ತಲೆ ಎಣಿಸುವ ಕೆಲಸ ಎಂಥದ್ದು ಅಂತ ನಾನು 1991ರಲ್ಲಿ ಕಂಡವನು. ಆಗ ಈ ಕಡೆಯ ಶಾಲೆಯೊಂದರಲ್ಲಿದ್ದೆ, ಗಣತಿಗೆ ಹಾಕಿದ್ದರು. ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಬೇಕಿತ್ತು. ಬ್ಯಾಟರಿ ಹಿಡಿದು ಜಗಲಿ ಜಗಲಿ ತಿರುಗಿದೆ. ಒಂದು ಕಡೆ ಕೊಯ್ಲಿಗೆ ಬಂದ ಗಂಡ, ಹೆಂಡತಿ, ಮೂರು ಮಕ್ಕಳು ಒಂದೇ ಕಂಬಳಿಯಡಿ ಮಲಗಿದ್ದರು. ಕೊನೆಯ ಕೂಸಿನ ವಯಸ್ಸು ಕೇಳಿದರೆ ಆ ತಾಯಿ, “ಹೋದ ಸಲ ಹೊಳೆ ಗದ್ದೆಗೆ ಹತ್ತಿದಾಗ ಹುಟ್ಟಿದ್ದು” ಅಂದಳು. ಎಣಿಸಿ ನೋಡಿ ಏಳು ತಿಂಗಳು ಅಂತ ಬರೆದುಕೊಂಡೆ.

ಇನ್ನು ಊರು ಸಣ್ಣದಾದ ವಿಷಯ. ರಾಜಧಾನಿ ಹೋಯಿತು ಅನ್ನುವುದು ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಯಾರೂ ಹೇಳದ ಕಾರಣ ಜ್ವರ. 1901ರಲ್ಲಿ ಇಡೀ ಉತ್ತರ ಕನ್ನಡದಲ್ಲಿ ಸುಮಾರು 4.54 ಲಕ್ಷ ಜನ ಇದ್ದರು. 1921ಕ್ಕೆ ಅದು 4 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಇಪ್ಪತ್ತು ವರ್ಷದಲ್ಲಿ ಜನ ಹೆಚ್ಚುವುದಿರಲಿ, ಕಮ್ಮಿಯಾದರು! ಪ್ಲೇಗು, 1918ರ ಇನ್‌ಫ್ಲುಯೆಂಜಾ, ಘಟ್ಟದ ಮೇಲೆ ವರ್ಷ ವರ್ಷವೂ ಮಲೇರಿಯಾ. ನಮ್ಮಜ್ಜ ಅದನ್ನು ಜ್ವರಗಡ್ಡೆ ಅನ್ನುತ್ತಿದ್ದರು. ಅವರ ಜೊತೆ ಹುಟ್ಟಿದ ಆರು ಜನರಲ್ಲಿ ಉಳಿದವರು ಇಬ್ಬರು. ಉಳುವವರಿಲ್ಲದೆ ಗದ್ದೆ ಹಾಳು ಬಿದ್ದವು. 1946ರ ಸುಮಾರಿಗೆ ಧಾರವಾಡ, ಕೆನರಾ (ಈಗಿನ ಉತ್ತರ ಕನ್ನಡ) ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆಯಲು ಶುರು ಮಾಡಿದ ಮೇಲೆ ಈ ಸೀಮೆ ಉಸಿರಾಡಿತು.

ಸೊರಬದ ಕಡೆಯವ:
ಮಾಸ್ತರೇ, ಜ್ವರದ ಮಾತು ನಿಜ. ನಮ್ಮೂರ ಪಕ್ಕದಲ್ಲೇ ಬೇಚರಾಕ್ ಗ್ರಾಮ ಇದೆ. ಹೆಸರಿದೆ, ಸರ್ವೆ ನಂಬರಿದೆ, ಒಂದು ಮನೆಯೂ ಇಲ್ಲ.

ವರದೆಯ ಮೊಮ್ಮಗಳು:
ನಮ್ಮ ವಂಶಾವಳಿಯಲ್ಲೂ ಒಂದು ತಲೆಮಾರಿನಲ್ಲಿ ಐದು ಹೆಸರಿನ ಮುಂದೆ ಏನೂ ಇಲ್ಲ, ಮದುವೆಯೂ ಇಲ್ಲ, ಮಕ್ಕಳೂ ಇಲ್ಲ. ಯಾರೋ ಬರೆಯಲು ಮರೆತಿದ್ದಾರೆ ಅಂದುಕೊಂಡಿದ್ದೆ. ಹಳೆಯ ದಾಖಲೆ ಎಲ್ಲಿ ಹುಡುಕಲಿ ಸರ್?

ನಿವೃತ್ತ ಮಾಸ್ತರ:
ಮೈಸೂರಿನ ದಾಖಲೆಗಳಲ್ಲಿ ಹುಡುಕಬೇಡಿ ತಂಗಿ, ಸಿಗುವುದಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, 1956ರವರೆಗೂ ನಾವು ಆ ಕಡೆಯವರೇ. ಹಾಗಾಗಿ ಮುಂಬಯಿ ಪ್ರಾಂತ್ಯದ ಗೆಜೆಟಿಯರ್, ಗಣತಿ ವರದಿ ನೋಡಿ.

ಊರಿಗೆ ಬಂದಾಗ ಮಧುಕೇಶ್ವರ ದೇವಸ್ಥಾನದ ಅಂಗಳದಲ್ಲಿರುವ ಐದು ಹೆಡೆಯ ನಾಗರಕಲ್ಲನ್ನೂ ನೋಡಿ. ಕದಂಬರಿಗಿಂತ ಮುಂಚೆ ಇಲ್ಲಿ ಆಳಿದ ಚುಟು ಅರಸರ ಕಾಲದ್ದು, ಅಂಚಿನಲ್ಲಿ ಪ್ರಾಕೃತದ ಬರಹ ಇದೆ. ರಾಜಕುಮಾರಿಯೊಬ್ಬಳು ನಾಗನ ಜೊತೆಗೆ ಒಂದು ಕೆರೆಯನ್ನೂ ವಿಹಾರವನ್ನೂ ಕೊಟ್ಟಳಂತೆ. ಕೆತ್ತಿದವನ ಹೆಸರೂ ಇದೆ, ನಟಕ. ಅಷ್ಟು ಹಿಂದೆಯೇ ಇಲ್ಲಿ ಕೆರೆ ಕಟ್ಟಿಸಿದ್ದಾರೆ ಅಂದರೆ ಆಗಲೂ ಇದು ಬೇಸಾಯದ ಊರೇ.

ಆ ಐದು ಹೆಸರು ಇಲ್ಲಿ ಹಾಕಿ. ಮನೆ ಯಾವ ಕೇರಿಯಲ್ಲಿತ್ತು ಅನ್ನುವುದನ್ನೂ ಬರೆಯಿರಿ. ರಥಬೀದಿಯಲ್ಲಿ ತೊಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ, ನಾಳೆಯೇ ಹೋಗಿ ಕೇಳುತ್ತೇನೆ.